ಗ್ಯಾಲರಿ ತುಂಬಿಸಿದ ಟೈಮ್ ಕೀಪರ್

ಶಾಲು ಹೊದಿಸಬೇಕಾದ್ದು ಚನಿಯಣ್ಣನಿಗೆ. ಹೊದಿಸಿದ್ದು ಜಯಪಾಲ ಶೆಟ್ರಿಗೆ. ಹಣ್ಣಿನ ಬುಟ್ಟಿ, ಪೇಟ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ನೆನಪಿನ ಕಾಣಿಕೆ ಎಲ್ಲವೂ ಶೆಟ್ರ ಕೈಗೆ ಹೋಯಿತು. "ಬಳಗ ಕಟ್ಟಿದ ಮಹನೀಯರು" ಅಂತ ಮೈಕಿನಲ್ಲಿ ಹೇಳಿದಾಗ ನಾನು ಸಭೆಯ ನಡುವಿನಿಂದ ಎದ್ದು "ಯಾರು ಕಟ್ಟಿದ್ದು? ಇನ್ನೊಮ್ಮೆ ಹೇಳಿ" ಅಂತ ಬೊಬ್ಬೆ ಹಾಕಿದೆ. ನಾಲ್ಕು ಜನ ನನ್ನ ಅಂಗಿ ಹಿಡಿದು ಕೂರಿಸಿದರು. ಆಮೇಲೆ ಫುಟ್‌ಬಾಲ್ ಕ್ಲಬ್ಬಿನ ಆಫೀಸಿಗೆ ಹೋಗಿ ಕೇಳಿದರೆ, ಚನಿಯ ಅವರ ಹೆಸರು ಹೋದ ಸೀಸನಿನ ನಿಷೇಧದ ಪಟ್ಟಿಯಲ್ಲಿ ಉಂಟಂತೆ, ಹಾಗೆ ಇದ್ದವರಿಗೆ ಸನ್ಮಾನ ಮಾಡಲಿಕ್ಕೆ ಬರುವುದಿಲ್ಲವಂತೆ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಸುವ ಅಂದಾಜೂ ಇಲ್ಲ.

ನಮ್ಮ ಬಳಗದ ಸ್ಮರಣ ಸಂಚಿಕೆಗೆ ಯಾರಾದರೂ ಚನಿಯಣ್ಣನ ಬಗ್ಗೆ ಬರೆಯಬೇಕು ಅಂದಾಗ ಎಲ್ಲರೂ ನನ್ನ ಮುಖ ನೋಡಿದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ಇಪ್ಪತ್ತೇಳು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ನನ್ನ ಬರವಣಿಗೆ ಟಿಕೆಟಿನಷ್ಟೇ ಉದ್ದ. ಆದರೂ ಬರೆಯುತ್ತೇನೆ. ಯಾಕೆಂದರೆ ಆ ಪಟ್ಟಿಗೆ ಅವರ ಹೆಸರು ಹೇಗೆ ಹೋಯಿತು ಅಂತ ನನ್ನಷ್ಟು ಸರಿಯಾಗಿ ಗೊತ್ತಿರುವವರು ಬೇರೆ ಇಲ್ಲ.

ಚನಿಯಣ್ಣನಿಗೆ ಈಗ ಅರುವತ್ತೆಂಟು. ದೇರೆಬೈಲಿನಲ್ಲಿ ಮನೆ. ಹೆಂಡತಿ ನಳಿನಾಕ್ಷಿಯಕ್ಕ, ಮಗ ದುಬೈಯಲ್ಲಿ. ಮನುಷ್ಯ ಸಣಕಲು, ಮಾತು ಕಡಿಮೆ, ಸ್ವರ ಅದಕ್ಕಿಂತ ಕಡಿಮೆ. ಎದುರು ನಿಂತವನಿಗೂ ಅವರು ಹೇಳಿದ್ದು ಎರಡು ಸಲ ಕೇಳಬೇಕು. ಮೂವತ್ತೊಂದು ವರ್ಷ ಅವರು ಹಂಪನಕಟ್ಟೆಯಲ್ಲಿ ಟೈಮ್ ಕೀಪರ್ ಆಗಿದ್ದರು. ನಮ್ಮಲ್ಲಿ ಸಿಟಿ ಬಸ್ಸೆಲ್ಲ ಖಾಸಗಿಯವರದ್ದು, ಒಂದೇ ರೋಡಿನಲ್ಲಿ ಹತ್ತು ಮಾಲಕರ ಬಸ್ಸು. ಹಿಂದಿನ ಬಸ್ಸು ಎರಡು ನಿಮಿಷ ಮೊದಲು ಬಂದರೆ ಮುಂದಿನ ಬಸ್ಸಿನ ಜನರನ್ನು ನುಂಗಿದ ಹಾಗೆ. ಅದಕ್ಕೆ ಸ್ಟ್ಯಾಂಡಿನಲ್ಲಿ ಒಬ್ಬ ನಿಂತು ಯಾವ ಬಸ್ಸು ಎಷ್ಟಕ್ಕೆ ಬಂತು ಅಂತ ಬರೆಯಬೇಕು. ಆ ಕೆಲಸದಲ್ಲಿ ಚನಿಯಣ್ಣ ಯಾರಿಗೂ ಅರ್ಧ ನಿಮಿಷ ಬಿಟ್ಟುಕೊಟ್ಟವರಲ್ಲ. ನಾನು ಅವರ ಜೊತೆ ಜಗಳ ಮಾಡಿದ ದಿನಗಳಿಗಿಂತ ಮಾಡದ ದಿನಗಳೇ ಕಡಿಮೆ. ಆಮೇಲೆ ಬಸ್ಸಿಗೆಲ್ಲ ಜಿಪಿಎಸ್ ಬಂತು. ಅವರನ್ನು ಮನೆಗೆ ಕಳಿಸಿದರು.

ಅದೇ ವರ್ಷ ಊರಿಗೆ ಹೊಸ ಫುಟ್‌ಬಾಲ್ ಕ್ಲಬ್ ಬಂತು. ಪಡುಕಡಲ್ ಎಫ್‌ಸಿ. ಹುಡುಗರು ಒಳ್ಳೆಯವರು, ಜರ್ಸಿ ಒಳ್ಳೆಯದು, ಜನ ಮಾತ್ರ ಇಲ್ಲ. ಮೊದಲ ಮ್ಯಾಚಿನ ದಿನ ಮೂಡು ಬದಿಯ ಗ್ಯಾಲರಿಯಲ್ಲಿ ನಲುವತ್ತೊಂದು ಜನ, ಆಂಬುಲೆನ್ಸಿನ ಡ್ರೈವರ್ ಸೇರಿ. ಈ ಲೆಕ್ಕ ನನಗೆ ಹೇಳಿದ್ದು ಚನಿಯಣ್ಣ. ಅವರು ಒಬ್ಬೊಬ್ಬರನ್ನೇ ಎಣಿಸಿದ್ದರು.

ಮಾರನೇ ದಿನ ಮಧ್ಯಾಹ್ನ ನಾನು ಬಸ್ಸಿನ ಮೆಟ್ಟಿಲ ಮೇಲೆ ಕೂತು ಚಾ ಕುಡಿಯುವಾಗ ಅವರು ಬಂದರು. ಒಂದು ಜಗಳದ ಮೇಲೆ ಎರಡು ವರ್ಷದಿಂದ ನಮ್ಮ ನಡುವೆ ಮಾತಿರಲಿಲ್ಲ.

"ಮುಖೇಶ, ಐದು ಹೋಮ್ ಮ್ಯಾಚ್ ಉಂಟು. ಒಂದು ಮುಗಿಯಿತು."

"ಆದರೆ ನಾನೆಂತ ಮಾಡಬೇಕು?"

"ಕೊನೆಯ ಮ್ಯಾಚಿಗೆ ಆ ಗ್ಯಾಲರಿಯಲ್ಲಿ ಸಾವಿರ ಜನ ಆಗದಿದ್ದರೆ ಕ್ಲಬ್ಬನ್ನು ಹುಬ್ಬಳ್ಳಿಗೆ ಕೊಂಡು ಹೋಗ್ತಾರಂತೆ. ಮ್ಯಾನೇಜರ್ ಹುಡುಗ ಹೇಳಿದ."

"ಹೋಗಲಿ. ನಿಮಗೆ ಯಾಕೆ ಮಂಡೆ ಬಿಸಿ?"

ಅವರು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. ಆಮೇಲೆ ಹೇಳಿದರು. ಇಪ್ಪತ್ತರ ಪ್ರಾಯದಲ್ಲಿ ಅವರು ಬಂದರಿನ ಮೂಟೆ ಹೊರುವವರ ಟೀಮಿನಲ್ಲಿ ಗೋಲು ಕಾಯುವ ಗೋಲಿಯಂತೆ. ಬರಿಗಾಲಲ್ಲಿ ಆಡುತ್ತಿದ್ದರಂತೆ. ಮೂರು ವರ್ಷ ಚೆಂದ ಆಡಿದರು. ನೋಡುವವರು ಬರಲಿಲ್ಲ, ಚಂದಾ ನಿಂತಿತು, ಟೀಮ್ ಮುಚ್ಚಿತು. ಕೊನೆಯ ಮ್ಯಾಚಿನಲ್ಲಿ ಅವರು ಪೆನಾಲ್ಟಿ ಹಿಡಿದರು, ಚಪ್ಪಾಳೆ ತಟ್ಟಲಿಕ್ಕೆ ಇದ್ದದ್ದು ಒಬ್ಬ ಸೋಡಾ ಮಾರುವವ.

"ಎರಡನೇ ಸಲ ಅದನ್ನು ನಾನು ನೋಡುವುದಿಲ್ಲ" ಅಂದರು.

"ಹಾಗಾದರೆ ನೀವೇ ಕರೆಯಿರಿ ಜನರನ್ನು."

"ನನ್ನ ಸ್ವರ ಯಾರಿಗೆ ಕೇಳ್ತದೆ ಮಾರಾಯ? ಬಸ್ಸು ಖಾಲಿ ಹೋಗುವುದು ಜನ ಇಲ್ಲದೆ ಅಲ್ಲ, ಬಾಗಿಲಲ್ಲಿ ಕರೆಯುವವ ಸರಿ ಇಲ್ಲದೆ. ನಿನ್ನ ಬಸ್ಸು ನಾನು ಖಾಲಿ ನೋಡಿದ್ದಿಲ್ಲ. ನೀನು ಪೊಕ್ಕಡೆ, ಸುಮ್ಮಸುಮ್ಮನೆ ಜಗಳ ಮಾಡುವವ, ಆದರೆ ಕರೆಯುವುದರಲ್ಲಿ ನಿನ್ನನ್ನು ಮೀರಿಸುವವ ಈ ಸ್ಟ್ಯಾಂಡಿನಲ್ಲಿಲ್ಲ."

ಇಷ್ಟು ವರ್ಷದಲ್ಲಿ ಆ ಮನುಷ್ಯ ನನ್ನ ಬಗ್ಗೆ ಒಂದು ಒಳ್ಳೆ ಮಾತು ಹೇಳಿದ್ದು ಅದೇ ಮೊದಲು. ಚಾದ ಗ್ಲಾಸು ಕೆಳಗಿಟ್ಟು "ಎಷ್ಟು ಗಂಟೆಗೆ ಬರಬೇಕು?" ಅಂತ ಕೇಳಿದೆ.

ಹೀಗೆ ಶುರುವಾಯಿತು ನಮ್ಮ 'ರೈಟ್ ಪೋಯಿ ಬಳಗ'. ಬಸ್ಸು ಬಿಡುವಾಗ ರೈಟ್, ಹೋಗೋಣ ಅಂತ ಡ್ರೈವರಿಗೆ ನಾವು ತುಳುವಿನಲ್ಲಿ ಹೇಳುವ ಮಾತೇ ಹೆಸರಾಯಿತು. ಮೊದಲ ಸದಸ್ಯರು ನಾವಿಬ್ಬರು. ಮೂರನೆಯವ ಅರ್ಶದ್, ಹೊಳೆಯಾಚೆಯ ಬೆಂಗ್ರೆಯ ಹುಡುಗ, ಇನ್ನೊಂದು ರೂಟಿನ ಕಂಡಕ್ಟರ್. ಅವನ ಊರಿನವರು ನಡೆಯಲಿಕ್ಕೆ ಕಲಿಯುವ ಮೊದಲೇ ಫುಟ್‌ಬಾಲ್ ಆಡುವವರು. ಆಫ್‌ಸೈಡ್ ಅಂದರೆ ಎಂತ ಅಂತ ಅವನು ನನಗೆ ಚಾದ ಗ್ಲಾಸು, ಸಕ್ಕರೆ ಡಬ್ಬ ಇಟ್ಟು ನಾಲ್ಕು ದಿನ ಹೇಳಿಕೊಟ್ಟ. ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೂ ಬರಲಿಲ್ಲ.

ಕೂಗುವ ಮಾತುಗಳನ್ನು ನಾವು ಬೇರೆ ಎಲ್ಲಿಂದಲೂ ತರಲಿಲ್ಲ. ನಮ್ಮವರು ಚೆಂಡು ಹಿಡಿದು ಮುಂದೆ ಓಡಿದರೆ ನಾನು "ರೈಟ್!" ಅನ್ನುವುದು, ಗ್ಯಾಲರಿ "ಪೋಯಿ!" ಅನ್ನುವುದು. ಎದುರಿನವರು ನಮ್ಮ ಗೋಲಿನ ಹತ್ತಿರ ಬಂದರೆ "ಪಿರ ಪೋಲೆ, ಪಿರ ಪೋಲೆ!" ಬಾಗಿಲಲ್ಲಿ ನೇತಾಡುವವರನ್ನು ಹಿಂದೆ ಕಳಿಸುವಾಗ ತುಳುವಿನಲ್ಲಿ ದಿನಕ್ಕೆ ಸಾವಿರ ಸಲ ಹೇಳುವುದು ಅದನ್ನೇ. ನಮ್ಮವರು ಒಬ್ಬನಿಂದ ಒಬ್ಬನಿಗೆ ಪಾಸ್ ಕೊಟ್ಟರೆ ಒಂದೊಂದು ಪಾಸಿಗೆ ಒಂದೊಂದು ಸ್ಟಾಪು: "ಹಂಪನಕಟ್ಟೆ! ಜ್ಯೋತಿ! ಬಲ್ಮಠ! ಬೆಂದೂರ್‌ವೆಲ್!" ಕೊನೆಯ ಸ್ಟಾಪು ಕಂಕನಾಡಿ ಮುಟ್ಟುವ ಮೊದಲು ಚೆಂಡು ಹೋದರೆ "ಛೆ, ಬ್ರೇಕ್ ಡೌನ್!" ಎದುರಿನ ಟೀಮಿನವರಿಗೆ ಎಂತ ಅಂತ ಅರ್ಥವಾಗದೆ ಅವರು ನಮ್ಮ ಕಡೆಗೇ ನೋಡುತ್ತಿದ್ದರು.

ಬಾವುಟದ ಬಣ್ಣಕ್ಕೆ ಮಾತ್ರ ಎರಡು ವಾರ ಹೋಯಿತು. ನಮ್ಮ ಊರಿನಲ್ಲಿ ಒಂದು ಬಟ್ಟೆ ಕೋಲಿಗೆ ಕಟ್ಟಿ ಎತ್ತುವ ಮೊದಲು ಹತ್ತು ಸಲ ಯೋಚಿಸಬೇಕು, ಯಾಕೆ ಅಂತ ಊರಿನವರಿಗೆ ಬಿಡಿಸಿ ಹೇಳುವುದು ಬೇಡ. ಒಬ್ಬ ಹೇಳಿದ ಬಣ್ಣ ಇನ್ನೊಬ್ಬನಿಗೆ ಆಗುವುದಿಲ್ಲ. ನಾನು ಎರಡು ಸಲ ಮೇಜು ಗುದ್ದಿದೆ. ಚನಿಯಣ್ಣ ಸುಮ್ಮನೆ ಕೂತಿದ್ದವರು ಹೊರಗೆ ಬೆರಳು ತೋರಿಸಿದರು. ಎದುರಿನ ಹಳೇ ಕಟ್ಟಡದ ಮಾಡು.

"ಹಂಚಿನ ಬಣ್ಣ ಮಾಡಿ. ಅದು ಎಲ್ಲರ ಮಂಡೆಯ ಮೇಲೂ ಉಂಟು."

ಅರ್ಶದ್ ನಗಲಿಕ್ಕೆ ಶುರು ಮಾಡಿದ, ಆಮೇಲೆ ಎಲ್ಲರೂ. ವಿಷಯ ಅಲ್ಲಿಗೆ ಮುಗಿಯಿತು.

ಟೀ ಶರ್ಟ್ ಕೊಟ್ಟದ್ದು ಜಯಪಾಲ ಶೆಟ್ರು. ಅವರಿಗೆ ಬಲ್ಮಠದಲ್ಲಿ ಹೋಟೆಲು. ಕೆಟ್ಟ ಮನುಷ್ಯ ಅಲ್ಲ. ಪ್ರತಿ ಮ್ಯಾಚಿಗೆ ಬುಟ್ಟಿ ತುಂಬ ಬನ್ಸ್ ಕಳಿಸುತ್ತಿದ್ದರು. ಆದರೆ ಬಳಗದ ಗೌರವಾಧ್ಯಕ್ಷ ತಾನೇ ಆಗಬೇಕು ಅಂದರು. ನನಗೆ ಸಿಟ್ಟು ಏರಿತು. ಚನಿಯಣ್ಣ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದು "ಕುರ್ಚಿ ಅವರು ತಗೊಳ್ಳಲಿ ಮಾರಾಯ. ನಮಗೆ ಗ್ಯಾಲರಿ ಸಾಕು" ಅಂದರು.

ಇನ್ನು ಬರೆಯಬೇಕಾದ್ದು ಎರಡನೇ ಮ್ಯಾಚಿನ ದಿನದ ವಿಷಯ. ಅದು ಬರೆಯಲಿಕ್ಕೆ ನನಗೆ ಕಷ್ಟ ಉಂಟು.

ಆ ದಿನ ನೂರ ಎಂಬತ್ತು ಜನ ಆದರು. ಹೆಚ್ಚಿನವರು ಡ್ಯೂಟಿ ಮುಗಿಸಿ ನೇರ ಬಂದ ಕಂಡಕ್ಟರ್, ಡ್ರೈವರುಗಳು. ಎಲ್ಲರ ಜೇಬಿನಲ್ಲೂ ವಿಸಿಲ್. ಒಂದು ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಚನಿಯಣ್ಣ ಒಬ್ಬೊಬ್ಬರ ಹತ್ತಿರ ಹೋಗಿ "ಬಾಯಿಗೆ ಇಡಬೇಡಿ, ಇಲ್ಲಿ ರೆಫ್ರಿ ಬೇರೆ ಇದ್ದಾನೆ" ಅಂತ ಹೇಳಿ ಬಂದಿದ್ದರು. ನನಗೂ ಹೇಳಿದರು. ನಾನು "ನನಗೆ ಹೇಳಲಿಕ್ಕೆ ಉಂಟಾ?" ಅಂತ ರೇಗಿದೆ.

ಆಟ ಸೊನ್ನೆ ಸೊನ್ನೆ. ಮುಗಿಯಲಿಕ್ಕೆ ಆರು ನಿಮಿಷ ಉಂಟು. ಎದುರಿನ ಟೀಮಿನ ಒಬ್ಬ ಉದ್ದನೆಯವ ಚೆಂಡು ಹಿಡಿದು ನಮ್ಮ ಗೋಲಿನ ಕಡೆಗೆ ಓಡಿ ಬಂದ. ಪಿರ ಪೋಲೆ ಅಂತ ಕೂಗಿ ಕೂಗಿ ನನ್ನ ಸ್ವರ ಹೋಗಿತ್ತು. ಅವನು ನಿಲ್ಲುವುದಿಲ್ಲ. ಅವನನ್ನು ನಿಲ್ಲಿಸಬೇಕು ಅಂತ ಒಂದೇ ಮಂಡೆಯಲ್ಲಿ ಇದ್ದದ್ದು. ಇಪ್ಪತ್ತೇಳು ವರ್ಷ ನಿಲ್ಲಿಸಲಿಕ್ಕೆ ಎಂತ ಮಾಡಿದ್ದೆನೋ ಅದನ್ನೇ ಮಾಡಿದೆ. ಕೈ ಜೇಬಿಗೆ ಹೋದದ್ದೂ ಗೊತ್ತಿಲ್ಲ, ಬಾಯಿಗೆ ಬಂದದ್ದೂ ಗೊತ್ತಿಲ್ಲ. ಉದ್ದಕ್ಕೆ ಒಂದು ಊದಿದೆ.

ನಿಂತರು. ನಮ್ಮವರು ನಿಂತರು. ನಮ್ಮ ಟೀಮಿನ ಹಿಂದಿನ ಸಾಲಿನ ನಾಲ್ಕು ಹುಡುಗರೂ ರೆಫ್ರಿ ಊದಿದ ಅಂತ ಸೊಂಟಕ್ಕೆ ಕೈ ಕೊಟ್ಟು ನಿಂತುಬಿಟ್ಟರು. ಆ ಉದ್ದನೆಯವ ಒಬ್ಬನೇ ನಿಲ್ಲಲಿಲ್ಲ. ಪಾರ್ಕಿನಲ್ಲಿ ನಡೆಯುವ ಹಾಗೆ ಹೋಗಿ ಚೆಂಡನ್ನು ಬಲೆಗೆ ತಳ್ಳಿ ಬಂದ. ತಾನು ಊದಲಿಲ್ಲ ಅಂತ ರೆಫ್ರಿ ಗೋಲು ಕೊಟ್ಟ. ನಾವು ಸೋತೆವು.

ಆಟ ಮುಗಿದ ಮೇಲೆ ಮ್ಯಾನೇಜರ್ ಕೌಶಲ್ ಗ್ಯಾಲರಿಗೆ ಬಂದ. ಇಪ್ಪತ್ತೆಂಟು ಇಪ್ಪತ್ತೊಂಬತ್ತರ ಹುಡುಗ, ಕೈಯಲ್ಲಿ ರೆಫ್ರಿಯ ದೂರಿನ ಕಾಗದ.

"ಯಾರು ಊದಿದ್ದು ಹೇಳಿ. ಒಬ್ಬರ ಹೆಸರು ಕೊಡದಿದ್ದರೆ ಇಡೀ ಬಳಗವನ್ನು ಈ ಸೀಸನ್ ಒಳಗೆ ಬಿಡುವ ಹಾಗಿಲ್ಲ. ನನ್ನ ಕೈಯಲ್ಲಿಲ್ಲ ಅಣ್ಣ, ಲೀಗಿನ ರೂಲ್ಸ್."

ನನ್ನ ಹತ್ತಿರ ಕೂತವರೆಲ್ಲ ನೆಲ ನೋಡಿದರು. ನಾನು ಹೇಳುತ್ತಿದ್ದೆ. ದೇವರಾಣೆ ಹೇಳುತ್ತಿದ್ದೆ. ಆದರೆ ಮುಷ್ಟಿಯಲ್ಲಿ ವಿಸಿಲ್ ಹಿಡಿದು ನಾನು ಬಾಯಿ ತೆರೆಯುವಷ್ಟರಲ್ಲಿ ಚನಿಯಣ್ಣ ನನ್ನ ಎದುರು ಬಂದು ನಿಂತರು.

"ನಾನು."

"ಎಂತ ಅಂಕಲ್? ಕೇಳ್ಲಿಲ್ಲ."

"ಊದಿದ್ದು ನಾನು."

"ನೀವಾ?" ಕೌಶಲ್ ನಂಬಲಿಲ್ಲ. "ವಿಸಿಲ್ ಎಲ್ಲಿ?"

ಚನಿಯಣ್ಣ ಅವನನ್ನೇ ನೋಡುತ್ತ ತಮ್ಮ ಬಲಗೈಯನ್ನು ಬೆನ್ನ ಹಿಂದೆ ಚಾಚಿದರು. ಅಂಗೈ ಬಿಡಿಸಿ ನನ್ನ ಎದುರು ಹಿಡಿದರು. ನಾನು ವಿಸಿಲನ್ನು ಅದರಲ್ಲಿ ಇಟ್ಟೆ. ನನ್ನ ಎಂಜಲು ಇನ್ನೂ ಒಣಗಿರಲಿಲ್ಲ. ಅವರು ಅದನ್ನು ಕೌಶಲನಿಗೆ ಕೊಟ್ಟರು. ಅವನು ಹೆಸರು, ಪ್ರಾಯ ಬರೆದುಕೊಂಡು, ಈ ಸೀಸನ್ ಮುಗಿಯುವವರೆಗೆ ಮೈದಾನದ ಒಳಗೆ ಬರುವುದಿಲ್ಲ ಅಂತ ಸೈನು ಹಾಕಿಸಿದ.

ಹೊರಗೆ ಬಂದ ಮೇಲೆ ನಾನು ಹಾರಾಡಿದೆ. "ಯಾರು ಹೇಳಿದ್ದು ನಿಮಗೆ? ನನಗೆ ಬಾಯಿ ಇಲ್ಲವಾ? ಈಗಲೇ ಹೋಗಿ ಹೇಳ್ತೇನೆ."

"ಹೇಳು. ನಿನ್ನನ್ನು ಹೊರಗೆ ಹಾಕ್ತಾರೆ. ಮುಂದಿನ ಮ್ಯಾಚಿಗೆ ಕರೆಯುವುದು ಯಾರು, ನಾನಾ? ನನ್ನ ಸ್ವರಕ್ಕೆ ಬೆಕ್ಕು ಸಹ ತಿರುಗುವುದಿಲ್ಲ." ಅವರು ಚಪ್ಪಲಿ ಸರಿ ಮಾಡಿಕೊಂಡರು. "ನಾನು ಹೊರಗೆ ನಿಂತೂ ಕೆಲಸ ಮಾಡಬಹುದು. ನೀನು ಹೊರಗೆ ನಿಂತರೆ ಕೆಲಸ ಮುಗಿಯಿತು. ಇನ್ನು ಮೂರು ಮ್ಯಾಚ್ ಉಂಟು, ನಡಿ."

ನಾನು ನಡೆದೆ. ಹೇಳಲಿಲ್ಲ.

ಮೂರನೇ ಮ್ಯಾಚಿಗೆ ಮುನ್ನೂರ ಐವತ್ತು. ನಾಲ್ಕನೆಯದಕ್ಕೆ ಆರುನೂರು ಚಿಲ್ಲರೆ. ಅರ್ಶದ್ ಬೆಂಗ್ರೆಯಿಂದ ದೋಣಿ ತುಂಬ ಜನ ತಂದ. ಬಲ್ಮಠದ ಒಂದು ಶಾಲೆಯ ವಿನಿಫ್ರೆಡ್ ಟೀಚರ್ ಅರುವತ್ತು ಹೆಣ್ಣುಮಕ್ಕಳನ್ನು ಸಾಲಾಗಿ ಕರೆದುಕೊಂಡು ಬಂದರು. ಆ ಮಕ್ಕಳ "ಪೋಯಿ!" ಕೇಳಿದರೆ ಕಿವಿ ಮುಚ್ಚಬೇಕು. ನನ್ನ ಕೆಲಸ ಕೆಳಗಿನ ಕಟ್ಟೆಯ ಮೇಲೆ ಹತ್ತಿ, ಮೈದಾನಕ್ಕೆ ಬೆನ್ನು ಹಾಕಿ, ಗ್ಯಾಲರಿಗೆ ಮುಖ ಮಾಡಿ ಕೂಗಿಸುವುದು. ಅರ್ಶದ್ ಮೇಲಿನಿಂದ ಕೈ ಸನ್ನೆ ಮಾಡುತ್ತಿದ್ದ, ಮುಂದೆ, ಹಿಂದೆ ಅಂತ. ಅದನ್ನು ನೋಡಿ ನಾನು ಕೂಗಿಸುತ್ತಿದ್ದೆ.

ಚನಿಯಣ್ಣ ಹೊರಗೆ. ಪ್ರತಿ ದಿನ ಬೆಳಿಗ್ಗೆ ಎಂಟಕ್ಕೆ ಅವರು ಹಂಪನಕಟ್ಟೆಗೆ ಬಂದು ಹಳೇ ಜಾಗದಲ್ಲೇ ನಿಲ್ಲುತ್ತಿದ್ದರು. ಪ್ರತಿ ಬಸ್ಸಿನ ಕಂಡಕ್ಟರಿಗೂ ಒಂದು ಚೀಟಿ: ಮ್ಯಾಚ್ ಯಾವತ್ತು, ಎಷ್ಟಕ್ಕೆ, ಯಾವ ಸ್ಟಾಪಿನಲ್ಲಿ ಇಳಿಯಬೇಕು. ಮ್ಯಾಚಿನ ದಿನ ಮೈದಾನದ ಗೋಡೆಯ ಹೊರಗೆ ನಿಂತು ಬಸ್ಸಿನಿಂದ ಇಳಿದವರನ್ನು ಗೇಟಿಗೆ ಕಳಿಸುವುದು. ಸೆಕ್ಯೂರಿಟಿಯವನಿಗೇ ಬೇಜಾರಾಗಿ "ಒಂದು ಸಲ ಬಂದು ನೋಡಿ ಹೋಗಿ, ನಾನು ಆಚೆ ನೋಡ್ತೇನೆ" ಅಂದನಂತೆ. "ಸೈನು ಹಾಕಿದ್ದೇನೆ" ಅಂದರಂತೆ ಇವರು.

ಕೊನೆಯ ಮ್ಯಾಚು ಆದಿತ್ಯವಾರ ಬಿತ್ತು. ಆದಿತ್ಯವಾರ ಸಿಟಿಯಲ್ಲಿ ಬಸ್ಸು ಅರ್ಧಕ್ಕರ್ಧ ಇಲ್ಲ. ಜನ ಇಲ್ಲ ಅಂತ ಮಾಲಕರು ಟ್ರಿಪ್ಪು ಕಟ್ ಮಾಡುತ್ತಾರೆ. ಬರುವವರು ಬರುವುದು ಹೇಗೆ?

ಚನಿಯಣ್ಣ ಏಳು ದಿನ ಏಳು ಮಾಲಕರ ಮನೆಗೆ ಹೋದರು. ಒಬ್ಬ ಹೊರಗೇ ನಿಲ್ಲಿಸಿ "ನೀನು ನನ್ನ ಬಸ್ಸಿಗೆ ಎಷ್ಟು ಸಲ ಲೇಟ್ ಬರೆದಿದ್ದಿ ಗೊತ್ತುಂಟಾ?" ಅಂತ ಕೇಳಿದನಂತೆ. "ಗೊತ್ತುಂಟು. ಸರಿಯಾಗಿಯೇ ಬರೆದಿದ್ದೇನೆ. ಆದಿತ್ಯವಾರ ಒಂದು ಟ್ರಿಪ್ಪು ಬಿಡಿ" ಅಂದರಂತೆ. ಅವನು ಬಿಟ್ಟ. ಒಟ್ಟು ಹದಿನಾಲ್ಕು ಬಸ್ಸು ಆಯಿತು. ಯಾವುದು ಎಲ್ಲಿಂದ ಎಷ್ಟಕ್ಕೆ ಬಿಡಬೇಕು ಅಂತ ಪಟ್ಟಿ ಮಾಡಿದ್ದು ಅವರೇ, ಹಳೇ ಪೆನ್ನು, ಹಳೇ ರಟ್ಟು.

ನಾಲ್ಕು ಗಂಟೆಗೆ ಆಟ ಶುರು. ಗೇಟಿನ ಹುಡುಗ ಎಣಿಸುತ್ತಿದ್ದ. ಒಂಬೈನೂರ ಮೂವತ್ತೆರಡು. ಕೌಶಲ್ ನನ್ನ ಕಟ್ಟೆಯ ಹತ್ತಿರ ಬಂದು "ಮುಖೇಶಣ್ಣ, ಮೊದಲ ಅರ್ಧ ಮುಗಿಯುವವರೆಗೆ ಕಾಯ್ತೇನೆ. ಕ್ಲಬ್ಬಿಗೆ ಹಣ ಹಾಕಿದವರು ಮೇಲೆ ಕೂತಿದ್ದಾರೆ" ಅಂದ. ಅವನ ಮುಖವೂ ಬಾಡಿತ್ತು. ನಾನು ಚನಿಯಣ್ಣನಿಗೆ ಫೋನ್ ಮಾಡಿ ಕಿರುಚಿದೆ.

"ಅರುವತ್ತೆಂಟು ಕಮ್ಮಿ ಉಂಟು! ಎಲ್ಲಿ ಸತ್ತಿದೆ ನಿಮ್ಮ ಬಸ್ಸು?"

"ದೇರೆಬೈಲಿನದ್ದು ಬರಲಿಲ್ಲ. ಟಯರ್ ಪಂಕ್ಚರ್."

"ಬರ್ತದಾ ಇಲ್ವಾ?"

"ಬರ್ತದೆ. ಹನ್ನೆರಡು ನಿಮಿಷ ಲೇಟ್. ನೀನು ಕೂಗಿಸು."

ನಾನು ಕೂಗಿಸಿದೆ. ಹೀಗೆ ಕೂಗಿಸಿದ್ದು ನನ್ನ ಜೀವಮಾನದಲ್ಲಿ ಇಲ್ಲ. ಹಂಪನಕಟ್ಟೆಯಿಂದ ಕಂಕನಾಡಿಗೆ ಅವತ್ತು ಇಪ್ಪತ್ತು ಸಲ ಹೋಗಿ ಬಂದೆವು. ಹನ್ನೆರಡು ನಿಮಿಷ ಆಯಿತು, ಹದಿಮೂರಾಗಲಿಲ್ಲ. ಗೇಟಿನಲ್ಲಿ ಹಂಚಿನ ಬಣ್ಣ ಕಂಡಿತು. ಹೆಂಗಸರು, ಮುದುಕರು, ಮಕ್ಕಳನ್ನು ಸೊಂಟದಲ್ಲಿ ಎತ್ತಿಕೊಂಡವರು. ಎದುರಿಗೆ ನಳಿನಾಕ್ಷಿಯಕ್ಕ. ತನ್ನ ಓಣಿಯ ಮನೆಮನೆ ಹತ್ತಿ ಎಬ್ಬಿಸಿ ತಂದಿದ್ದರಂತೆ. ಎಪ್ಪತ್ತನಾಲ್ಕು ಜನ. ಕೌಶಲ್ ಎಣಿಕೆಯ ಯಂತ್ರವನ್ನು ಎತ್ತಿ ಮೇಲೆ ಕೂತವರಿಗೆ ತೋರಿಸಿದ. ಸಾವಿರದ ಆರು.

ಅರುವತ್ತೊಂದನೇ ನಿಮಿಷಕ್ಕೆ ಗೋಲಾಯಿತು. ನನಗೆ ಗೊತ್ತಾದದ್ದು ಗ್ಯಾಲರಿ ನನ್ನ ಮೇಲೆ ಬಿದ್ದಾಗ. ಅರ್ಶದ್ ಎಲ್ಲಿಂದ ಹಾರಿದನೋ, ನಾನು ಕಟ್ಟೆಯಿಂದ ಕೆಳಗೆ, ನನ್ನ ಮೇಲೆ ಅವನು, ಅವನ ಮೇಲೆ ಇನ್ನು ಯಾರೋ. ಕನ್ನಡಕ ಹೋಯಿತು. ಒಂದು ಸೊನ್ನೆ. ಗೆದ್ದೆವು.

ಆಟ ಮುಗಿದ ಕೂಡಲೇ ಹೊರಗೆ ಓಡಿದೆ. ಗೋಡೆಯ ಹತ್ತಿರ ಯಾರೂ ಇಲ್ಲ. ಕಡಲೆ ಮಾರುವವ ಹೇಳಿದ, "ಅವರು ಹೋದರು. ಐದು ಐವತ್ತರ ದೇರೆಬೈಲ್ ಬಸ್ಸಿಗೆ."

ಮಾರನೇ ದಿನ ರಜೆ ಹಾಕಿ ಅವರ ಮನೆಗೆ ಹೋದೆ. ಕ್ಲಬ್ಬು ಇಲ್ಲೇ ಉಳಿಯುತ್ತದೆ ಅಂತ ಪೇಪರಿನಲ್ಲಿ ಬಂದಿತ್ತು. ನಳಿನಾಕ್ಷಿಯಕ್ಕ ಚಾ ತಂದಿಟ್ಟು "ನಿನ್ನೆಯಿಂದ ನನ್ನ ಹತ್ತಿರ ಕೇಳ್ತಾ ಇದ್ದಾರೆ ಮಾರಾಯ, ಗೋಲು ಹೇಗಾಯ್ತು ಅಂತ. ನನಗೆಂತ ಗೊತ್ತುಂಟು, ನನ್ನೆದುರು ಎಲ್ಲ ಎದ್ದು ನಿಂತಿದ್ದರು. ಮುಖೇಶ ಬರಲಿ, ಅವನು ಮುಂದೆ ಇದ್ದ ಅಂದೆ" ಅಂದರು.

ಚನಿಯಣ್ಣ ಕುರ್ಚಿ ನನ್ನ ಹತ್ತಿರ ಎಳೆದುಕೊಂಡು ಕೂತರು. ಅವರು ಹಾಗೆ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಗೋಡೆಯ ಹೊರಗೆ ಶಬ್ದ ಕೇಳಿತು. ಹೇಳು. ಯಾರು ಕೊಟ್ಟದ್ದು, ಯಾವ ಬದಿಯಿಂದ?"

"ಬಲಗಡೆಯಿಂದ" ಅಂದೆ. "ಕಾರ್ನರಿನಿಂದ. ನಮ್ಮ ಹುಡುಗ ಹಾರಿ ತಲೆಯಲ್ಲಿ..."

"ಗೋಲಿ ಎಲ್ಲಿದ್ದ?"

ನಾನು ಚಾ ಕುಡಿದೆ. ಅವರು ಮೂವತ್ತೊಂದು ವರ್ಷ ಬಸ್ಸಿನವರ ಸುಳ್ಳು ಕೇಳಿದ ಮನುಷ್ಯ.

"ನೀನು ನೋಡ್ಲಿಲ್ಲ."

"ಬೆನ್ನು ಹಾಕಿ ನಿಂತಿದ್ದೆ ಚನಿಯಣ್ಣ. ನನ್ನ ಕೆಲಸ ಹಾಗೆ." ಮೊಬೈಲ್ ತೆಗೆದು ಎದುರಿಟ್ಟೆ. "ಇದರಲ್ಲಿ ಉಂಟು, ನೋಡಿ. ಎರಡು ಕಡೆಯಿಂದ ತೆಗೆದಿದ್ದಾರೆ."

ಅವರು ಮೊಬೈಲನ್ನು ಬೆರಳಿನಿಂದ ನನ್ನ ಕಡೆಗೇ ತಳ್ಳಿದರು. "ಇದು ಎಲ್ಲರ ಹತ್ತಿರವೂ ಉಂಟು."

ನಾನು ವಿಸಿಲಿನ ವಿಷಯ ಎತ್ತಿದೆ. ಇವತ್ತೇ ಕೌಶಲನ ಹತ್ತಿರ ಹೋಗಿ ಊದಿದ್ದು ನಾನು ಅಂತ ಹೇಳುತ್ತೇನೆ ಅಂದೆ. ಅವರು ಅದಕ್ಕೆ ಕೈ ಅಲ್ಲಾಡಿಸಿದರು. ಅದು ಮುಗಿಯಿತು, ಸೀಸನೂ ಮುಗಿಯಿತು ಅಂದರು. ಹೇಳಬೇಡ ಅಂತ ಅವರು ಹೇಳಿದ್ದು ನಿಜ. ನಾನು ಅಷ್ಟು ಬೇಗ ಒಪ್ಪಿದ್ದೂ ನಿಜ. ಕೌಶಲ್ ಆಮೇಲೆ ಬೇರೆ ಕೆಲಸ ಸಿಕ್ಕಿ ಪುಣೆಗೆ ಹೋದ. ಈಗ ಆಫೀಸಿನಲ್ಲಿ ಇರುವವರಿಗೆ ಗೊತ್ತಿರುವುದು ಆ ಕಾಗದ ಮಾತ್ರ.

ನಾನು ಎದ್ದು ಹೊರಡುವಾಗ ಗೇಟಿನವರೆಗೆ ಬಂದು ಚನಿಯಣ್ಣ ಹೇಳಿದರು, "ವಿಸಿಲ್ ಬಿಡು. ಒಂದು ಗೋಲು ನೀನು ನನಗೆ ಕೊಡ್ಲಿಕ್ಕೆ ಬಾಕಿ ಉಂಟು."

ಈ ಸೀಸನಿನಲ್ಲಿ ಅವರು ಮೂಡು ಗ್ಯಾಲರಿಗೆ ಬರುತ್ತಾರೆ, ಮೂರನೇ ಸಾಲಿನಲ್ಲಿ ಕೂರುತ್ತಾರೆ. ಮೂರು ಹೋಮ್ ಮ್ಯಾಚ್ ಆಯಿತು, ನಮ್ಮವರು ಐದು ಗೋಲು ಹಾಕಿದ್ದಾರೆ. ಐದನ್ನೂ ಅವರು ನೋಡಿದ್ದಾರೆ. ಅವರು ಕೇಳಿದ, ನಾನೂ ನೋಡದ ಆ ಗೋಲು ಮಾತ್ರ ಬಾಕಿಯೇ ಉಂಟು.